ಸಹಾಯ ಬೇಕು: ಸ್ಮಶಾನದ ರಸ್ತೆಗೆ ದುಡ್ಡು ಎಲ್ಲಿಂದ ತರೋದು?

ಎಲ್ಲರಿಗೂ ನಮಸ್ಕಾರ. ನಾನು ಮೊದಲ ಸಲ ಗೆದ್ದ ಗ್ರಾಮ ಪಂಚಾಯಿತಿ ಸದಸ್ಯೆ. ವಾರ್ಡ್ ಸಭೆಯಲ್ಲಿ ಜನ ಒಕ್ಕೊರಲಿನಿಂದ ಕೇಳಿದ್ದು ಸ್ಮಶಾನದ ರಸ್ತೆ. ಮಳೆಗಾಲದಲ್ಲಿ ಹೆಣ ಹೊತ್ತವರು ಮೊಣಕಾಲುದ್ದ ಕೆಸರಲ್ಲಿ ನಡೀಬೇಕು. ಆದರೆ ಕೇಂದ್ರದಿಂದ ಪಂಚಾಯಿತಿಗೆ ಬರುವ 15ನೇ ಹಣಕಾಸು ಆಯೋಗದ (2021–26) ಅನುದಾನದಲ್ಲಿ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು. ಉಳಿದ ಶೇ. 40ರ ಮೇಲೆ ಎಲ್ಲ ವಾರ್ಡಿನವರ ಕಣ್ಣು. (ಊರಿಗೆ ಏನು ಬೇಕು ಅಂತ ದಿಲ್ಲಿಯಲ್ಲೇ ತೀರ್ಮಾನ ಆಗೋದಾದರೆ ಗ್ರಾಮಸಭೆ ಯಾಕೆ ಬೇಕು ಹೇಳಿ!) ಮನೆ ಕಂದಾಯ ಸರಿಯಾಗಿ ವಸೂಲಾಗಲ್ಲ, ಬಂದಷ್ಟು ಬೀದಿದೀಪ, ಮೋಟಾರ್ ರಿಪೇರಿಗೇ ಮುಗಿಯುತ್ತೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಪಕ್ಕದ ಪಂಚಾಯಿತಿಯ ಪ್ರಭಾರವೂ ಇದೆ, ಕೂತು ಕೇಳೋಣ ಅಂದ್ರೆ ಸಿಗಲ್ಲ.

ಉದ್ಯೋಗ ಖಾತ್ರಿಯಲ್ಲಿ ಇಂಥ ರಸ್ತೆ ಮಾಡಿಸಿದವರು ಇಲ್ಲಿ ಇದ್ದೀರಾ? ಸಾಮಗ್ರಿ ಖರ್ಚು ಶೇ. 40 ದಾಟಬಾರದು ಅನ್ನೋ ಲೆಕ್ಕದಲ್ಲಿ ಕಾಂಕ್ರೀಟ್ ಕಷ್ಟ ಅನಿಸುತ್ತೆ. ಮಣ್ಣು, ಜಲ್ಲಿ ಹಾಕಿದ್ದು ಮಳೆಗೆ ನಿಂತಿದೆಯಾ? ಕ್ರಿಯಾಯೋಜನೆಗೆ (ವರ್ಷದ ಕಾಮಗಾರಿಗಳ ಪಟ್ಟಿಗೆ) ಸೇರಿಸುವಾಗ ಗ್ರಾಮಸಭೆ ನಡಾವಳಿಯಲ್ಲಿ ಹೇಗೆ ಬರೆಸಿದಿರಿ? ಒಂದು ಮಾದರಿ ಇದ್ದರೆ ದಯವಿಟ್ಟು ಹಾಕಿ. ಕಂದಾಯ ವಸೂಲಿ ಹೆಚ್ಚಿಸಿಕೊಂಡ ಸದಸ್ಯರು ಯಾರಾದ್ರೂ ಇದ್ರೆ, ಜನರನ್ನ ಹೇಗೆ ಒಪ್ಪಿಸಿದಿರಿ ಅಂತಾನೂ ತಿಳಿಸಿ. ನಮ್ಮಲ್ಲಿ ಓಟು ಹೋಗುತ್ತೆ ಅಂತ ಯಾರೂ ಬಾಯಿಬಿಡಲ್ಲ.