ತೆಪ್ಪದಲ್ಲಿ ಮೀನು ಹಿಡಿಯುವವರಿಗೆ ಸುರಕ್ಷತಾ ತರಬೇತಿ: ಹೊರಗಿನವರನ್ನು ಕರೆಸೋದಾ, ನಮ್ಮಲ್ಲೇ ತಯಾರು ಮಾಡೋದಾ?

ಗೊರೂರು ಕಡೆಯಿಂದ ಪ್ರಶ್ನೆ:
ನಾನು ಮೀನುಗಾರರ ಸಂಘದ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮವರು ಹೇಮಾವತಿ ಹಿನ್ನೀರಿನಲ್ಲಿ ಸಂಜೆ ಬಲೆ ಬಿಟ್ಟು, ಬೆಳಗಿನ ಜಾವ ಎತ್ತುತ್ತಾರೆ. ಎಲ್ಲರಿಗೂ ಈಜು ಬರೋದಿಲ್ಲ. ಲೈಫ್ ಜಾಕೆಟ್ ಕೊಟ್ಟರೆ ಮನೆಯ ಮೊಳೆಗೆ ನೇತುಹಾಕಿದ್ದಾರೆ. ಮಳೆಗಾಲಕ್ಕೆ ಮುಂಚೆ ತರಬೇತಿ ಇಡಬೇಕು. ಮಾಡಿಸಿದ ಅನುಭವ ಇರುವವರು ಹೇಳಿ.

ಲಕ್ಕವಳ್ಳಿ, ಭದ್ರಾ ಹಿನ್ನೀರು:
ನಿಮ್ಮಲ್ಲೇ ಇಬ್ಬರನ್ನು ತಯಾರು ಮಾಡಿ ಸಾರ್. ನಮ್ಮೂರಿಗೆ ಒಮ್ಮೆ ಹೊರಗಿನವರು ಬಂದಿದ್ದರು. ಸಮುದಾಯ ಭವನದಲ್ಲಿ ಪರದೆ ಕಟ್ಟಿ, ಸಮುದ್ರದ ಬೋಟು, ವೈರ್‌ಲೆಸ್ಸು ಎಲ್ಲಾ ತೋರಿಸಿದರು. ಊಟ ಚೆನ್ನಾಗಿತ್ತು. ತೆಪ್ಪ ಮಗುಚಿದರೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ.

ಆಮೇಲೆ ನಮ್ಮಲ್ಲೇ ಪಳಗಿದ, ನಾಲ್ಕು ಜನ ಮಾತು ಕೇಳುವಂಥ ಇಬ್ಬರನ್ನು ಆರಿಸಿದೆವು. ಪಾಠ ಎಲ್ಲಾ ನೀರಿನಲ್ಲೇ. ಎದೆಮಟ್ಟದ ನೀರಿಗೆ ತೆಪ್ಪ ತಂದು ಬೇಕಂತಲೇ ಮಗುಚಿಸೋದು. ದಿನಾ ಉಡುವ ಲುಂಗಿ, ಅಂಗಿಯಲ್ಲೇ ಇಳಿಯಬೇಕು. ಪಟ್ಟಿ ಬಿಗಿಯದೆ ಇಳಿದರೆ ಜಾಕೆಟ್ ಕಿವಿವರೆಗೂ ಮೇಲೇರಿ ಬರುತ್ತದೆ. ಅದು ಒಂದು ಸಲ ಗೊತ್ತಾದರೆ ಸಾಕು, ಬಿಗಿದುಕೋ ಅಂತ ಹೇಳಬೇಕಾಗಿಲ್ಲ.

ಮಗುಚಿದ ಮೇಲೆ ತೆಪ್ಪ ಬಿಟ್ಟು ದಡಕ್ಕೆ ಈಜಬಾರದು. ಹಿನ್ನೀರಿನಲ್ಲಿ ದಡ ಹತ್ತಿರ ಇದ್ದ ಹಾಗೆ ಕಾಣುತ್ತದೆ, ಇರೋದಿಲ್ಲ. ತೆಪ್ಪವನ್ನೇ ಹಿಡಿದುಕೊಂಡು ಕೂಗಬೇಕು. ಫೈಬರ್ ತೆಪ್ಪಕ್ಕೆ ನೀರು ತುಂಬಿದರೆ ಅದೂ ಮುಳುಗಬಹುದು. ಅದಕ್ಕೇ ಒಳಗೆ ಮುಚ್ಚಳ ಬಿಗಿದ ಖಾಲಿ ಕ್ಯಾನು ಕಟ್ಟಿಡಿ. 20 ಲೀಟರಿನ ಒಂದು ಕ್ಯಾನು ಹತ್ತಿರ ಹತ್ತಿರ 20 ಕೆ.ಜಿ. ಭಾರ ತೇಲಿಸುತ್ತದೆ.

ತೆಪ್ಪ ಜಾಸ್ತಿ ವಾಲೋದು ಬಲೆ ಎಳೆಯುವಾಗ. ಇಬ್ಬರೂ ಒಂದೇ ಕಡೆ ಬಾಗಿದರೆ ಮುಗೀತು. ಒಬ್ಬ ಎಳೆಯುವಾಗ ಇನ್ನೊಬ್ಬ ಎದುರು ಅಂಚಿಗೆ ಕೂರಬೇಕು, ಯಾರೂ ನಿಲ್ಲಬಾರದು. ನೀರಿನಡಿಯ ಮರದ ಬೊಡ್ಡೆಗೆ ಬಲೆ ಸಿಕ್ಕಿಕೊಂಡರೆ ಜಗ್ಗಾಡದೆ ಚಾಕುವಿನಿಂದ ಕತ್ತರಿಸಬೇಕು. ಇದನ್ನು ಒಪ್ಪಿಸೋದೇ ಎಲ್ಲಕ್ಕಿಂತ ಕಷ್ಟ. ಸಾಲ ಮಾಡಿ ತಂದ ಬಲೆ ಅಲ್ವಾ? ಕೊನೆಗೆ, ಕತ್ತರಿಸಿದ ಬಲೆಗೆ ಸಂಘದಿಂದ ಅರ್ಧ ದುಡ್ಡು ಅಂತ ತೀರ್ಮಾನ ಮಾಡಿದೆವು. ಅಲ್ಲಿಂದ ಚಾಕು ಸೊಂಟಕ್ಕೆ ಬಂತು.

ಬೇಲೂರಿನಿಂದ, ನರ್ಸ್:
ನೀರು ಕುಡಿದವರನ್ನು ತಲೆಕೆಳಗು ಮಾಡೋದು, ಹೊಟ್ಟೆ ಒತ್ತೋದು ದಯವಿಟ್ಟು ನಿಲ್ಲಿಸಿ. ಯಗಚಿ ಕಡೆಯ ಊರುಗಳಲ್ಲೂ ಈ ಅಭ್ಯಾಸ ಇದೆ. ಅದರಿಂದ ಹೊತ್ತು ಹಾಳು, ವಾಂತಿ ಶ್ವಾಸಕ್ಕೆ ಹೋಗುವ ಭಯ ಬೇರೆ. ಉಸಿರಾಟ ನಿಂತಿದ್ದರೆ ಮೊದಲು ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು. ನೀರಿನಲ್ಲಿ ಮುಳುಗಿದವರಿಗೆ ಬೇಕಿರೋದೇ ಗಾಳಿ. ಆಮೇಲೆ ಎದೆಯ ಮಧ್ಯೆ 30 ಸಲ ಒತ್ತಿ, 2 ಸಲ ಉಸಿರು. ಒತ್ತು 5 ಸೆಂ.ಮೀ. ಆಳಕ್ಕೆ ಇಳಿಯಬೇಕು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ಎದ್ದು ಕೂತು ಟೀ ಕುಡಿದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೆಲವು ಗಂಟೆ ಬಿಟ್ಟು ಉಸಿರಾಟ ಕೆಡಬಹುದು. ಆಸ್ಪತ್ರೆಯಲ್ಲಿ ಕೇಳಿದರೆ, ಎದೆ ಒತ್ತೋದು, ಉಸಿರು ಕೊಡೋದನ್ನು ಗೊಂಬೆ ತಂದು ಅದರ ಮೇಲೆ ಕಲಿಸುವವರು ಸಿಗುತ್ತಾರೆ.

ಅರಕಲಗೂಡಿನಿಂದ:
ಮಲ್ಪೆಯಲ್ಲಿ ಬೋಟಿನ ಕೆಲಸ ಮಾಡಿದ್ದೇನೆ. ಅಲ್ಲಿ ಕಷ್ಟ ಬಂದರೆ ಕೋಸ್ಟ್ ಗಾರ್ಡ್‌ನ 1554ಕ್ಕೆ ಫೋನು. ನಮಗೆ 112. ಆದರೆ ಫೋನು ಎತ್ತಿದವರಿಗೆ 'ದೊಡ್ಡ ಬಂಡೆ ಹತ್ತಿರ' ಅಂದರೆ ಏನು ತಿಳಿಯುತ್ತೆ? ಯಾವ ಊರಿನ ರಸ್ತೆಯಿಂದ ನೀರಿಗೆ ಇಳಿಯಬೇಕು ಅಂತ ಹೇಳೋದನ್ನೂ ಅಭ್ಯಾಸ ಮಾಡಿಸಿ. ಫೋನಿಗೆ ನೀರು ಹೋಗದ ಚೀಲ ಇರಲಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ 'ದಾಮಿನಿ' ಆ್ಯಪ್ ನೋಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೂ ನೀರಿಗೆ ಇಳಿಯಬಾರದು.

ಇನ್ನೊಂದು. ಮತ್ಸ್ಯ ಸಂಪದ ಯೋಜನೆಯಲ್ಲಿ ಅಪಘಾತ ವಿಮೆ ಇದೆ. ಸಾವಿಗೆ 5 ಲಕ್ಷ, ಪ್ರೀಮಿಯಂ ಸರ್ಕಾರದ್ದೇ. ತರಬೇತಿಗೆ ಬಂದ ದಿನವೇ ಎಲ್ಲರ ಹೆಸರು ಬರೆಸಿಬಿಡಿ.

ಹಾಸನದಿಂದ:
ಹೇಮಾವತಿ ಹಿನ್ನೀರಿನಲ್ಲಿ ಮುಳುಗೋ ಶೆಟ್ಟಿಹಳ್ಳಿ ಚರ್ಚ್ ನೋಡಲು ಬರುವವರು 'ಒಂದು ರೌಂಡ್ ಕರೆದುಕೊಂಡು ಹೋಗಿ' ಅಂತ ದುಂಬಾಲು ಬೀಳ್ತಾರೆ. ಜಾಕೆಟ್ ಇಲ್ಲದವರನ್ನು ಹತ್ತಿಸೋದಿಲ್ಲ ಅಂತ ಸಂಘದಲ್ಲೇ ನಿಯಮ ಮಾಡಿ.

ಗೊರೂರು ಕಡೆಯಿಂದ:
ಎಲ್ಲರಿಗೂ ಥ್ಯಾಂಕ್ಸ್. ತೆಪ್ಪಕ್ಕೆ ಹತ್ತದ ಹೆಂಗಸರನ್ನೂ ತರಬೇತಿಗೆ ಕರೆಯೋದಾ?

ಲಕ್ಕವಳ್ಳಿ, ಭದ್ರಾ ಹಿನ್ನೀರು:
ಖಂಡಿತ ಕರೆಯಿರಿ. ಬೆಳಿಗ್ಗೆ ಮೀನು ಇಳಿಸಿಕೊಳ್ಳಲು ದಡದಲ್ಲಿ ಕಾಯೋದು ಅವರೇ. ತೆಪ್ಪ ತಡವಾದರೆ ಮೊದಲು ಗೊತ್ತಾಗೋದೂ ಅವರಿಗೇ. ಯಾವ ಕಡೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ವಾಪಸ್ಸು ಅಂತ ಮನೆಯಲ್ಲಿ ಹೇಳಿ ಹೋಗೋದನ್ನು ನಾವು ಕಡ್ಡಾಯ ಮಾಡಿದ್ದೇವೆ. ಒಂದು ಗಂಟೆ ತಡವಾದರೆ ಅವರು ಸಂಘಕ್ಕೆ ಫೋನು ಮಾಡುತ್ತಾರೆ. ಒಂದೆರಡು ಸಲ ಸುಮ್ನೆ ಗಾಬರಿ ಆಗುತ್ತೆ, ಬೈಯಬೇಡಿ.