ಡಿವೋರ್ಸ್ ಕಾಗದದಲ್ಲಿ ‘ಮಕ್ಕಳಿಗೂ ಏನೂ ಕೇಳುವುದಿಲ್ಲ’ ಅಂತ ಇದೆ, ಈಗ ಜೀವನಾಂಶ ಕೇಳಬಹುದಾ?

ಪ್ರಶ್ನೆ (ಮುಧೋಳದಿಂದ)

ಎಲ್ಲರಿಗೂ ನಮಸ್ಕಾರ. 2022ರಲ್ಲಿ ನಮ್ಮದು ಇಬ್ಬರ ಒಪ್ಪಿಗೆಯ ಡಿವೋರ್ಸ್ ಆಯಿತು. ನನಗೆ ಒಂದೇ ಸಲಕ್ಕೆ ಎರಡೂವರೆ ಲಕ್ಷ ಕೊಟ್ಟರು. ಮಕ್ಕಳಿಬ್ಬರೂ ನನ್ನ ಹತ್ತಿರ ಇರಬೇಕು ಅಂತ ಆಯಿತು. ಅದೇ ಕಾಗದದಲ್ಲಿ ‘ಮುಂದೆ ನಾನಾಗಲಿ ಮಕ್ಕಳಾಗಲಿ ಏನೂ ಕೇಳುವುದಿಲ್ಲ’ ಅಂತ ಒಂದು ಸಾಲು ಸೇರಿಸಿ ಸಹಿ ಹಾಕಿಸಿಕೊಂಡರು. ಈಗ ಮಗಳು ಐದನೇ ಇಯತ್ತೆ, ಮಗ ಎರಡನೇ ಇಯತ್ತೆ. ನಾನು ತವರುಮನೆಯಲ್ಲಿದ್ದು ಹೊಲಿಗೆ ಕೆಲಸ ಮಾಡುತ್ತೇನೆ, ಅದರಲ್ಲಿ ಮನೆ ಖರ್ಚೇ ಸಾಲುವುದಿಲ್ಲ. ಅವರು ಚಿಕ್ಕೋಡಿ ಕಡೆಯವರು, ನಾಲ್ಕು ಎಕರೆ ನೀರಾವರಿ ಕಬ್ಬು ಇದೆ, ಟ್ರ್ಯಾಕ್ಟರ್ ಬಾಡಿಗೆಗೆ ಓಡುತ್ತದೆ. ಶಾಲೆ ಫೀ ಕೇಳಿದರೆ ‘ಕಾಗದ ಓದು’ ಅನ್ನುತ್ತಾರೆ, ಇಲ್ಲಾ ‘ಗೃಹಲಕ್ಷ್ಮಿ ದುಡ್ಡು ಬರುತ್ತಲ್ಲ’ ಅನ್ನುತ್ತಾರೆ. ನಾನು ಈಗ ಏನಾದರೂ ಮಾಡಬಹುದಾ? ಕೇಸ್ ಹಾಕಲು ಚಿಕ್ಕೋಡಿಗೇ ಹೋಗಬೇಕಾ? ವಕೀಲರ ಫೀ ಕೊಡುವ ಶಕ್ತಿ ನನಗಿಲ್ಲ.

ಉತ್ತರ (ಗೋಕಾಕದಿಂದ)

ತಂಗಿ, ಕೋರ್ಟಿನಲ್ಲಿ ಸಹಿ ಮಾಡಿದ ಮೇಲೆ ಕಷ್ಟ ಅನ್ನಿಸುತ್ತದೆ. ಕೋರ್ಟು ಅಂದರೆ ವರ್ಷಗಟ್ಟಲೆ ಅಲೆದಾಟ. ಎರಡೂ ಕಡೆ ಹಿರಿಯರನ್ನು ಕೂಡಿಸಿ ಮಾತಾಡಿಸಿ. ಮಕ್ಕಳ ವಿಷಯ ಅಂದರೆ ಯಾರ ಮನಸ್ಸಾದರೂ ಕರಗುತ್ತದೆ.

ಉತ್ತರ (ವಿಜಯಪುರದಿಂದ, ವಕೀಲಿ ಮಾಡುತ್ತೇನೆ)

ಗೋಕಾಕದ ಅಣ್ಣನವರ ಕಾಳಜಿ ಅರ್ಥವಾಗುತ್ತದೆ, ಆದರೆ ಕಾನೂನು ಹಾಗಿಲ್ಲ. ಅಕ್ಕಾ, ನೀವು ಧಾರಾಳವಾಗಿ ಕೇಳಬಹುದು. ಜೀವನಾಂಶ ಮಕ್ಕಳ ಸ್ವಂತ ಹಕ್ಕು. ಅದನ್ನು ಅವರ ಪರವಾಗಿ ತಾಯಿ ಬಿಟ್ಟುಕೊಡಲು ಬರುವುದಿಲ್ಲ, ತಂದೆ ಬರೆಸಿಕೊಳ್ಳಲೂ ಬರುವುದಿಲ್ಲ. ನಿಮ್ಮ ಪಾಲಿನ ಜೀವನಾಂಶಕ್ಕೆ ಆ ಸಾಲು ಅಡ್ಡ ಬರಬಹುದು, ಅದು ಬೇರೆ ಮಾತು. ಎರಡೂವರೆ ಲಕ್ಷದಲ್ಲಿ ಮಕ್ಕಳಿಗೆ ಅಂತ ಇಷ್ಟು ಎಂದು ಬರೆದಿದ್ದರೆ ಕೋರ್ಟ್ ಅದನ್ನು ಲೆಕ್ಕಕ್ಕೆ ಹಿಡಿಯಬಹುದು. ಆದರೆ ಆ ಒಂದು ಸಾಲಿನಿಂದ ಮಕ್ಕಳ ಬಾಗಿಲು ಮುಚ್ಚುವುದಿಲ್ಲ.

ಜೀವನಾಂಶ ಕೇಳುವ ಕಲಂ ಮೊದಲು ಸಿಆರ್‌ಪಿಸಿ (ಹಳೇ ಅಪರಾಧ ಪ್ರಕ್ರಿಯಾ ಸಂಹಿತೆ) 125 ಆಗಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144 ಆಗಿದೆ. ಹಳಬರು ಈಗಲೂ ‘ನೂರಾ ಇಪ್ಪತ್ತೈದು ಹಾಕು’ ಅಂತಲೇ ಅನ್ನುತ್ತಾರೆ, ಗಾಬರಿ ಬೇಡ, ಎರಡೂ ಒಂದೇ. ಅರ್ಜಿಯನ್ನು ನೀವು ಈಗ ಇರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಬಹುದು, ಚಿಕ್ಕೋಡಿಗೆ ಹೋಗಬೇಕಿಲ್ಲ, ಅವರೇ ನಿಮ್ಮ ಕಡೆ ಬರಬೇಕು. ಕೌಟುಂಬಿಕ ನ್ಯಾಯಾಲಯದ ವ್ಯಾಪ್ತಿ ಇದ್ದರೆ ಅಲ್ಲಿ, ಇಲ್ಲದಿದ್ದರೆ ಜೆಎಂಎಫ್‌ಸಿಯಲ್ಲಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟ್).

ಫೀ ಚಿಂತೆ ಬಿಡಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೆ ಮತ್ತು ಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟಿದೆ ಅಂತ ನೋಡುವುದಿಲ್ಲ. ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಅಂತ ಕೇಳಿ. ಬಿಳಿ ಹಾಳೆಯಲ್ಲಿ ನಿಮ್ಮ ಕಥೆ ಬರೆದುಕೊಟ್ಟರೂ ಆಗುತ್ತದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಇನ್ನೊಂದು ಮುಖ್ಯ ಮಾತು, ತಡ ಮಾಡಬೇಡಿ. ರಜನೀಶ್ ವಿರುದ್ಧ ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ ಹಾಗೆ ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ. ಮಾತುಕತೆ ಅಂತ ಒಂದು ವರ್ಷ ಕಳೆದರೆ ಆ ವರ್ಷದ ದುಡ್ಡು ಮಕ್ಕಳ ಕೈತಪ್ಪುತ್ತದೆ. ಹಿರಿಯರನ್ನು ಕೂಡಿಸುವುದಿದ್ದರೆ ಕೂಡಿಸಿ, ಅರ್ಜಿ ಹಾಕಿದ ಮೇಲೆ. ಅಲ್ಲಿ ಒಪ್ಪಂದ ಆದರೆ ಅದನ್ನೇ ಕೋರ್ಟಿನಲ್ಲಿ ದಾಖಲು ಮಾಡಿಸಬಹುದು. ಅರ್ಜಿ ಜೊತೆಗೇ ಮಧ್ಯಂತರ ಜೀವನಾಂಶವನ್ನೂ ಕೇಳಿ. ಅದನ್ನು ನೋಟಿಸ್ ತಲುಪಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ತೀರ್ಮಾನಿಸಬೇಕು ಅಂತ ಕಾನೂನಿದೆ. ನಿಜಕ್ಕೂ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ, ಆದರೂ ಕೇಸ್ ಮುಗಿಯುವ ತನಕ ಮಕ್ಕಳು ಕಾಯಬೇಕಿಲ್ಲ ಅಲ್ವಾ?

ಉತ್ತರ (ಅಥಣಿಯಿಂದ)

ನಾನು ಇದೇ ದಾರಿ ನಡೆದವಳು, ಅದಕ್ಕೆ ಬರೆಯುತ್ತಿದ್ದೇನೆ. ವಕೀಲರು ಹೇಳಿದ ಕೇಸಿನ ಪ್ರಕಾರ ಎರಡೂ ಕಡೆಯವರು ಆದಾಯ, ಆಸ್ತಿ, ಸಾಲ ಎಲ್ಲಾ ಅಫಿಡವಿಟ್‌ನಲ್ಲಿ ಬರೆದುಕೊಡಬೇಕು. ಹೊಲ ಇರುವ ಗಂಡಸರು ಅಲ್ಲೇ ‘ನನಗೇನೂ ಇಲ್ಲ, ಎಲ್ಲಾ ಅಪ್ಪನ ಹೆಸರಲ್ಲಿ’ ಅಂತ ಬರೆಯುತ್ತಾರೆ. ನನ್ನ ಕೇಸಿನಲ್ಲಿ ಆಗಿದ್ದೂ ಅದೇ. ಅದಕ್ಕೇ ನೋಟಿಸ್ ಹೋಗುವ ಮೊದಲೇ ಹೊಲದ ಉತಾರ (ಪಹಣಿ) ತೆಗೆದಿಟ್ಟುಕೊಳ್ಳಿ. ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ವೆಬ್‌ಸೈಟಿನಲ್ಲೇ ಸಿಗುತ್ತದೆ, ಯಾರ ಹೆಸರು, ಏನು ಬೆಳೆ, ಸಾಲದ ಬೋಜಾ ಎಲ್ಲಾ ಕಾಣುತ್ತದೆ. ಆಮೇಲೆ ತಮ್ಮನ ಹೆಸರಿಗೆ ವರ್ಗ ಮಾಡಿದರೂ ನಿಮ್ಮ ಕೈಯಲ್ಲಿ ಹಳೇ ಉತಾರ ಇರುತ್ತದೆ. ಕಬ್ಬು ಯಾವ ಫ್ಯಾಕ್ಟರಿಗೆ ಹೋಗುತ್ತದೆ, ಬಿಲ್ ಯಾವ ಬ್ಯಾಂಕಿಗೆ ಬೀಳುತ್ತದೆ ಅಂತ ವಕೀಲರಿಗೆ ಹೇಳಿ, ಕೋರ್ಟ್ ಮೂಲಕ ತರಿಸಲು ಅವರು ಅರ್ಜಿ ಹಾಕುತ್ತಾರೆ. ಟ್ರ್ಯಾಕ್ಟರ್ ನಂಬರ್ ಬರೆದಿಡಿ.

ನಿಮ್ಮ ಕಡೆಯಿಂದ ಮಕ್ಕಳ ಜನನ ಪ್ರಮಾಣಪತ್ರ, ಡಿವೋರ್ಸ್ ಆದೇಶದ ನಕಲು, ಫೀ ರಸೀದಿ, ದವಾಖಾನೆ ಚೀಟಿ, ವಹಿ-ಪುಸ್ತಕದ ಬಿಲ್ಲು, ಏನೂ ಬಿಸಾಡಬೇಡಿ. ಹೊಲಿಗೆಯಿಂದ ಬರುವುದನ್ನು ಮುಚ್ಚಿಡಬೇಡಿ, ಇದ್ದಷ್ಟು ಹೇಳಿ. ತಾಯಿ ದುಡಿಯುತ್ತಾಳೆ ಅಂದ ಮಾತ್ರಕ್ಕೆ ತಂದೆಯ ಹೊಣೆ ಹೋಗುವುದಿಲ್ಲ. ಇನ್ನು ಗೃಹಲಕ್ಷ್ಮಿ ಮಾತು ಓದಿ ನನಗೆ ಸಿಟ್ಟೇ ಬಂತು. ಅದು ಮನೆಯೊಡತಿಗೆ ಸರ್ಕಾರ ಕೊಡುವ ತಿಂಗಳ ಎರಡು ಸಾವಿರ. ತನ್ನ ಮಕ್ಕಳ ಹೊಟ್ಟೆಗೆ ತಾನು ಕೊಡಬೇಕಾದ್ದನ್ನು ಸರ್ಕಾರದ ಮೇಲೆ ಹಾಕುವುದು ಯಾವ ನ್ಯಾಯ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೈಮುಗಿಯುತ್ತೇನೆ. ಎರಡು ಮಾತು ಉಳಿದಿವೆ. ಆದೇಶ ಆದರೂ ಕೊಡದಿದ್ದರೆ? ಮತ್ತೆ, ದುಡ್ಡು ಕೊಡುವ ತನಕ ಮಕ್ಕಳನ್ನು ತೋರಿಸಬೇಡ ಅಂತ ನಮ್ಮ ಅಣ್ಣ ಅನ್ನುತ್ತಿದ್ದಾನೆ. ಅದು ಸರಿನಾ?

ಉತ್ತರ (ವಿಜಯಪುರದಿಂದ, ವಕೀಲಿ ಮಾಡುತ್ತೇನೆ)

ಎರಡನೇದಕ್ಕೆ ಮೊದಲು ಹೇಳುತ್ತೇನೆ. ಹಾಗೆ ಮಾಡಬೇಡಿ. ದುಡ್ಡು ಬೇರೆ, ಭೇಟಿ ಬೇರೆ. ಡಿವೋರ್ಸ್ ಆದೇಶದಲ್ಲಿ ಭೇಟಿಗೆ ದಿನ ಕೊಟ್ಟಿದ್ದರೆ ಅದನ್ನು ಪಾಲಿಸಿ. ನೀವು ತಡೆದರೆ ಕೋರ್ಟಿನಲ್ಲಿ ಅವರು ಅದನ್ನೇ ಎತ್ತಿ ಆಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಮಕ್ಕಳಿಗೆ ಅಪ್ಪ ಬೇಕು ಅನ್ನಿಸಿದರೆ ಅದೂ ಅವರ ಹಕ್ಕೇ. ಅಣ್ಣನಿಗೆ ಸಮಾಧಾನವಾಗಿ ತಿಳಿಸಿ.

ಕೊಡದಿದ್ದರೆ ವಸೂಲಿ ಅರ್ಜಿ ಹಾಕಬೇಕು. ಕೋರ್ಟ್ ವಾರಂಟ್ ಹೊರಡಿಸಿ ವಸೂಲು ಮಾಡಿಸುತ್ತದೆ, ಆಗಲೂ ಕೊಡದಿದ್ದರೆ ಬಾಕಿ ಇರುವ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದೆ ಅಂದರೆ ಬಾಕಿ ತೀರಿತು ಅಂತಲೂ ಅಲ್ಲ, ದುಡ್ಡು ಕೊಡಲೇಬೇಕು. ಒಂದೇ ಎಚ್ಚರಿಕೆ: ವಾರಂಟಿಗೆ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಬಾಕಿ ಬೆಳೆಯಲು ಬಿಡಬೇಡಿ. ದುಡ್ಡು ಬ್ಯಾಂಕ್ ಖಾತೆಗೇ ಬರಲಿ ಅಂತ ಆದೇಶದಲ್ಲೇ ಬರೆಸಿ, ಆಗ ಯಾವ ತಿಂಗಳು ಬಂತು, ಯಾವ ತಿಂಗಳು ಬರಲಿಲ್ಲ ಅನ್ನುವುದಕ್ಕೆ ಪಾಸ್‌ಬುಕ್ಕೇ ಸಾಕ್ಷಿ. ಸದ್ಯಕ್ಕೆ ಡಿವೋರ್ಸ್ ಆದೇಶದ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟು, ಈ ವಾರವೇ ಕಾನೂನು ಸೇವಾ ಸಮಿತಿಗೆ ಹೋಗಿ ಬನ್ನಿ.