ಕೆ.ಆರ್.ಎಸ್‌ ಕ್ಯುಸೆಕ್ ನೋಡಿ ನಮ್ಮ ದಂಡೆಯ ನೀರಿನ ಮಟ್ಟ ಹೇಳಬಹುದಾ?

ಹೊಳೆದಂಡೆ ರೈತ:
ಕೊಳ್ಳೇಗಾಲದ ಹತ್ತಿರ ಕಾವೇರಿ ದಂಡೆಯಲ್ಲೇ ನಮ್ಮ ಗದ್ದೆ. 2019ರ ಆಗಸ್ಟ್‌ನಲ್ಲಿ ದಾಸನಪುರ, ಮುಳ್ಳೂರು ಕಡೆ ಊರೊಳಗೇ ನೀರು ನುಗ್ಗಿದಾಗ ನಮ್ಮ ಪಂಪ್‌ಸೆಟ್ ಮುಳುಗಿಹೋಯಿತು. ಆಮೇಲಿಂದ ಕೆ.ಆರ್.ಎಸ್‌ನಿಂದ ಎಷ್ಟು ಬಿಟ್ಟರು ಅಂತ ಮಳೆಗಾಲದಲ್ಲಿ ದಿನಾ ಬರೆದಿಡುತ್ತೇನೆ. ಆದರೆ ಲೆಕ್ಕ ಕೂಡುತ್ತಿಲ್ಲ. ಒಂದು ಸಲ 50,000 ಕ್ಯುಸೆಕ್‌ಗೆ ಮೋಟಾರಿನ ಕಟ್ಟೆ ತನಕ ನೀರು ಬಂತು. ಇನ್ನೊಂದು ಸಲ ಅಷ್ಟೇ ಬಿಟ್ಟರೂ ಮೂರು ಮೆಟ್ಟಿಲು ಕೆಳಗೇ ನಿಂತಿತು. ಮೋಟಾರು ಯಾವಾಗ ಎತ್ತಬೇಕು ಅಂತ ಹೇಗೆ ತಿಳಿಯೋದು?

ನರಸೀಪುರದವನು:
ಕಬಿನಿ ಲೆಕ್ಕ ಸೇರಿಸಿದ್ದೀರಾ ಅಣ್ಣ? ನಮ್ಮೂರಲ್ಲಿ ಕಪಿಲೆ, ಅಂದರೆ ಅದೇ ಕಬಿನಿ, ಬಂದು ಸೇರಿದ ಮೇಲೆ ತಾನೇ ಹೊಳೆ ನಿಮ್ಮ ಕಡೆ ಬರೋದು. ಎರಡೂ ಡ್ಯಾಮಿನದು ಕೂಡಿಸಬೇಕು.

ಹಳೇ ಗೇಜ್ ರೀಡರ್:
ಅವರು ಹೇಳಿದ್ದು ಸರಿ. ಇನ್ನೊಂದು ಮಾತು. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಅದು ಹರಿವು. ನಿಮ್ಮ ಮೋಟಾರು ಮುಳುಗಿಸೋದು ಮಟ್ಟ.

ನಾನು ವರ್ಷಗಟ್ಟಲೆ ಗೇಜ್, ಅಂದರೆ ಹೊಳೆಯ ಮಟ್ಟ ತೋರಿಸುವ ಅಳತೆಪಟ್ಟಿ, ಓದಿದವನು. ದೋಣಿಯಲ್ಲಿ ಹೋಗಿ, ಹೊಳೆಯ ಅಗಲವನ್ನು ಭಾಗ ಮಾಡಿ, ಒಂದೊಂದು ಕಡೆಯೂ ಆಳ ಅಳೆಯುತ್ತಿದ್ದೆವು. ಹತ್ತಡಿ ಆಳವಿದ್ದರೆ ಮೇಲಿನಿಂದ ಆರಡಿಗೆ ಕರೆಂಟ್ ಮೀಟರ್ (ವಿದ್ಯುತ್ತಿನದಲ್ಲ, ನೀರಿನ ಓಟ ಅಳೆಯೋದು) ಇಳಿಸೋದು. ಅದರ ಪುಟ್ಟ ಬಟ್ಟಲುಗಳು ಎಷ್ಟು ಸುತ್ತು ಸುತ್ತಿದವು ಅಂತ ಎಣಿಸಿದರೆ ನೀರಿನ ಓಟ ಸಿಗುತ್ತದೆ. ಅದನ್ನು ಆ ಭಾಗದ ಆಳ, ಅಗಲದ ಜೊತೆ ಗುಣಿಸಿ, ಎಲ್ಲ ಭಾಗ ಕೂಡಿಸಿದರೆ ಹರಿವು. ಹೀಗೆ ಎಷ್ಟೋ ಸಲ ಅಳೆದ ಮೇಲೆಯೇ ಇಷ್ಟು ಮಟ್ಟಕ್ಕೆ ಇಷ್ಟು ಹರಿವು ಅಂತ ಗೆರೆ ಎಳೆಯೋದು. ತಳದ ಮರಳು ಹೋದರೂ, ಹೂಳು ಕೂತರೂ ಆ ಗೆರೆ ಬದಲಾಗುತ್ತದೆ. ಅದಕ್ಕೇ ಹಳೇ ವರ್ಷದ ಲೆಕ್ಕ ಹಾಗೇ ನಂಬಬೇಡಿ.

ನಿಮ್ಮ ಮೆಟ್ಟಿಲಿಗೇ ಪೇಂಟಿನಲ್ಲಿ ಹತ್ತು ಸೆಂಟಿಮೀಟರಿಗೊಂದು ಗೆರೆ ಹಾಕಿ. ನೀರು ಏರುವಾಗ ಗಂಟೆಗೊಮ್ಮೆ ಬರೆಯಿರಿ. ಅಲೆ ಹೊಡೆಯುತ್ತಿದ್ದರೆ ಮೇಲಿನದು, ಕೆಳಗಿನದು ಎರಡೂ ನೋಡಿ ನಡುವಿನದು ಬರೆಯಿರಿ. ಗಂಟೆಗೆ ಎಷ್ಟು ಏರುತ್ತಿದೆ ಅಂತ ಗೊತ್ತಾದರೆ ಕಟ್ಟೆ ಮುಟ್ಟೋಕೆ ಎಷ್ಟು ಹೊತ್ತಿದೆ ಅಂತಲೂ ಅಂದಾಜು ಸಿಗುತ್ತದೆ. ಕತ್ತಲಲ್ಲಿ ಮಾತ್ರ ಕೆಳಗಿಳಿಯಬೇಡಿ. ದಂಡೆ ಮೇಲೆ ನಿಂತು ಟಾರ್ಚ್ ಬಿಟ್ಟರೆ ಕಾಣುವ ಹಾಗೆ ಅಂಕಿ ದೊಡ್ಡದಾಗಿ ಬರೆಯಿರಿ.

ಹೊಳೆದಂಡೆ ರೈತ:
ತುಂಬಾ ಉಪಕಾರ ಆಯ್ತು ಸರ್. ಹಳೇ ಪೇಪರು ತೆಗೆದು ನೋಡಿದೆ. ನೀರು ಕಟ್ಟೆಗೆ ಬಂದ ದಿನ ಕಬಿನಿಯಿಂದಲೂ ಜಾಸ್ತಿ ಬಿಟ್ಟಿದ್ದರು. ಮೆಟ್ಟಿಲಿನ ಗೆರೆಗಳಿಗೆ ಸೊನ್ನೆ ಎಲ್ಲಿಗೆ ಇಡಲಿ?

ಹಳೇ ಗೇಜ್ ರೀಡರ್:
ಕಡು ಬೇಸಿಗೆಯಲ್ಲಿ ನೀರು ಎಲ್ಲಿಗೆ ಇಳಿಯುತ್ತದೋ ಅದಕ್ಕಿಂತ ಒಂದಡಿ ಕೆಳಗೆ. ಒಮ್ಮೆ ಇಟ್ಟ ಮೇಲೆ ಬದಲಾಯಿಸಬೇಡಿ.